ದೊಡ್ಡಮ್ಮನ ಮಂಡಿಗೆ ಸಾಕ್ಸ್ ಪ್ರಶ್ನೆ

ಆಸ್ಪತ್ರೆಯಿಂದ ವಾಟ್ಸ್ಯಾಪ್‌ಗೆ ಒಂದು ಲಿಂಕ್ ಬಂದಿತ್ತು. ಡಾಕ್ಟರ್ ನೋಡೋ ಮುಂಚೆ ಈ ಫಾರ್ಮ್ ತುಂಬಿ ಅಂತ. ಪೇಷಂಟ್ ನಮ್ಮ ದೊಡ್ಡಮ್ಮ, ವಯಸ್ಸು 68, ಮನೆ ಉಪ್ಪಾರಪೇಟೆ. ಎರಡೂ ಮಂಡಿಯಲ್ಲಿ ಕೀಲು ಸವೆತ. ಫಾರ್ಮ್ ತುಂಬಿದ್ದು ಮಾತ್ರ ನಾನು. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯೋಷ್ಟರಲ್ಲಿ 24 ಪ್ರಶ್ನೆಯನ್ನೂ ಮುಗಿಸಿದ್ದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಪ್ರತಿ ಪ್ರಶ್ನೆಗೂ ಐದು ಉತ್ತರ: ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ, ಅತಿ ತೀವ್ರ. ಒಂದನ್ನ ಒತ್ತಿದರೆ ಆಯ್ತು.

ಸಾಕ್ಸ್ ಹಾಕಿಕೊಳ್ಳುವಾಗ ಎಷ್ಟು ಕಷ್ಟ? ದೊಡ್ಡಮ್ಮ ಜನ್ಮದಲ್ಲಿ ಸಾಕ್ಸ್ ಹಾಕಿದವರಲ್ಲ. 'ಇಲ್ಲ' ಒತ್ತಿದೆ. ಸಾಕ್ಸ್ ಬಿಚ್ಚುವಾಗ? 'ಇಲ್ಲ'. ಬಾತ್‌ಟಬ್ಬಿಗೆ ಇಳಿದು ಹತ್ತುವಾಗ? ಅವರ ಬಚ್ಚಲಲ್ಲಿರೋದು ಬಕೆಟ್ಟು, ಚೊಂಬು. 'ಇಲ್ಲ'. ಕಾರು ಹತ್ತಿ ಇಳಿಯುವಾಗ? ಮನೇಲಿ ಕಾರೇ ಇಲ್ಲ. ಶಾಪಿಂಗ್ ಹೋಗುವಾಗ? ಸಾಮಾನೆಲ್ಲ ನಾನೇ ಆ್ಯಪ್‌ನಲ್ಲಿ ತರಿಸಿಕೊಡ್ತೀನಿ. ಅದಕ್ಕೂ 'ಇಲ್ಲ'.

ಒಟ್ಟು 96ಕ್ಕೆ 27 ಬಂತು. ಈ ಫಾರ್ಮಿನಲ್ಲಿ ಅಂಕ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. ಡಾಕ್ಟರು ಎಕ್ಸ್‌ರೇ ನೋಡಿದರು, ಅಂಕ ನೋಡಿದರು. "ಹೇಗಿದೀರಾ ಅಮ್ಮಾ?" ಅಂತ ಕೇಳಿದರು. ದೊಡ್ಡಮ್ಮ ಎಂದಿನಂತೆ "ಪರವಾಗಿಲ್ಲಪ್ಪಾ" ಅಂದರು. ವ್ಯಾಯಾಮದ ಒಂದು ಹಾಳೆ ಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿದರು. ನಾನು ನೆಮ್ಮದಿಯಾಗಿ ಆಟೋ ಬುಕ್ ಮಾಡಿದೆ.

ರಾತ್ರಿ ಮುಟ್ಟದ ಲೋಟ

ಎರಡು ವಾರ ಆದ ಮೇಲೆ ಒಂದು ರಾತ್ರಿ ಅವರ ಮನೆಯಲ್ಲೇ ಉಳಿದುಕೊಂಡೆ. ಪೇಟೆಯ ಹಳೇ ಮನೆ ಹೇಗಿರುತ್ತೆ ಗೊತ್ತಲ್ಲ, ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಕಡಿದಾದ ಮೆಟ್ಟಿಲು. ಊಟಕ್ಕೆ ಕೂತಾಗ ನೀರಿನ ಲೋಟ ಇಟ್ಟೆ. ದೊಡ್ಡಮ್ಮ ಅದನ್ನ ಪಕ್ಕಕ್ಕೆ ಸರಿಸಿದರು.

"ಆರು ಗಂಟೆ ಮೇಲೆ ನಾನು ನೀರು ಕುಡಿಯಲ್ಲ ಕಣೇ."

"ಯಾಕೆ ದೊಡ್ಡಮ್ಮ?"

"ರಾತ್ರಿ ಎದ್ದು ಹೋಗ್ಬೇಕಲ್ಲ. ಕೂತ್ರೆ ಏಳಕ್ಕಾಗಲ್ಲ."

ಅವರ ಮನೆಯಲ್ಲಿರೋದು ಇಂಡಿಯನ್ ಟಾಯ್ಲೆಟ್. ಒಂದು ರಾತ್ರಿ ಏಳೋಕಾಗದೆ, ನಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಅಲ್ಲೇ ಇದ್ದರಂತೆ. ಅವತ್ತಿಂದ ಸಂಜೆ ಮೇಲೆ ನೀರು ಬಂದ್. ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಎದ್ದು ಕಣ್ಣುಬಿಟ್ಟು ನೋಡಿದೆ. ಹೊಸಿಲ ಮುಂದೆ ಚುಕ್ಕಿ ರಂಗೋಲಿ ಇರಬೇಕಾದ ಕಡೆ ಅಂಗಡಿಯಿಂದ ತಂದ ಸ್ಟಿಕ್ಕರ್. ಮೆಟ್ಟಿಲನ್ನ ಅಡ್ಡ ತಿರುಗಿ, ಒಂದೊಂದೇ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದರು. ಶುಕ್ರವಾರ ತಪ್ಪದೆ ಅಣ್ಣಮ್ಮನ ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವರು ನಾಲ್ಕು ತಿಂಗಳಿಂದ ಹೋಗಿಲ್ಲ. ಕೇಳಿದರೆ "ಅಲ್ಲಿ ಜನ ಜಾಸ್ತಿ" ಅಂತಾರೆ.

ಇದ್ಯಾವುದೂ ನಾನು ತುಂಬಿದ ಫಾರ್ಮಿನಲ್ಲಿ ಇರಲಿಲ್ಲ. 'ಟಾಯ್ಲೆಟ್‌ನಲ್ಲಿ ಕೂತು ಏಳುವುದು' ಅನ್ನೋ ಪ್ರಶ್ನೆ ಇತ್ತು, ನಿಜ. ನಮ್ಮ ಫ್ಲ್ಯಾಟಿನ ಕಮೋಡು ನೆನೆಸಿಕೊಂಡು ನಾನು 'ಸ್ವಲ್ಪ' ಒತ್ತಿದ್ದೆ.

ಈ ಪ್ರಶ್ನೆಗಳು ಎಲ್ಲಿಂದ ಬಂದವು?

ಆಮೇಲೆ ಕೂತು ಓದಿದೆ. ಇಂಥ 24 ಪ್ರಶ್ನೆಗಳ ಪಟ್ಟಿಗೆ ವೊಮ್ಯಾಕ್ ಅಂತ ಹೆಸರು. ಕೆನಡಾದ ವೆಸ್ಟರ್ನ್ ಒಂಟಾರಿಯೊ ಮತ್ತು ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಗಳಲ್ಲಿ 1980ರ ದಶಕದಲ್ಲಿ ತಯಾರಾಯಿತು. ನೋವಿನ ಬಗ್ಗೆ 5, ಪೆಡಸಾಗುವುದರ ಬಗ್ಗೆ 2, ದಿನದ ಕೆಲಸಗಳ ಬಗ್ಗೆ 17 ಪ್ರಶ್ನೆ. ಎಕ್ಸ್‌ರೇಯಲ್ಲಿ ಸವೆತ ಎಷ್ಟು ಕಾಣುತ್ತೋ ಮನುಷ್ಯನ ಕಷ್ಟ ಅಷ್ಟೇ ಇರಬೇಕು ಅಂತಿಲ್ಲ. ಹಾಗಾಗಿ ಪೇಷಂಟನ್ನೇ ಕೇಳಿ ಅಳೆಯೋಣ ಅನ್ನೋ ಒಳ್ಳೇ ಯೋಚನೆ ಇದು. ಚಳಿ ದೇಶದಲ್ಲಿ ದಿನಾ ಬೆಳಿಗ್ಗೆ ಬಗ್ಗಿ ಸಾಕ್ಸ್ ಹಾಕಲೇಬೇಕು. ಅಲ್ಲಿನ ಮಂಡಿಗೆ ಅದು ಸರಿಯಾದ ಪರೀಕ್ಷೆ.

ಉಪ್ಪಾರಪೇಟೆಯ ಮಂಡಿಗೆ ಪರೀಕ್ಷೆಗಳೇ ಬೇರೆ. ಮೆಟ್ಟಿಲು ಹತ್ತೋಕೆ, ಕುರ್ಚಿಯಿಂದ ಏಳೋಕೆ ಮಂಡಿ ಸುಮಾರು 90 ಡಿಗ್ರಿ ಬಗ್ಗಿದರೆ ನಡೆಯುತ್ತೆ. ಕುಕ್ಕರುಗಾಲಲ್ಲಿ ಕೂರೋಕೆ, ಚಕ್ಕಳಮಕ್ಕಳ ಹಾಕೋಕೆ 110 ಡಿಗ್ರಿಗಿಂತ ಜಾಸ್ತಿ ಬಗ್ಗಬೇಕು. ದೊಡ್ಡಮ್ಮನ ಕಷ್ಟ ಎಲ್ಲ ಇರೋದು ಅಲ್ಲೇ.

ಲೆಕ್ಕ ಹಾಕಿ. ಸಾಕ್ಸ್ 2, ಬಾತ್‌ಟಬ್, ಕಾರು, ಶಾಪಿಂಗ್, ಒಟ್ಟು 5 ಪ್ರಶ್ನೆ. ಒಂದಕ್ಕೆ ಗರಿಷ್ಠ 4 ಅಂಕ. 96ರಲ್ಲಿ 20 ಅಂಕ ಅವರ ಬದುಕಿನಲ್ಲಿ ಇಲ್ಲದ ಕೆಲಸಗಳಿಗೆ ಹೋಯಿತು. ಅಲ್ಲೆಲ್ಲ ನಾನು ಸೊನ್ನೆ ಹಾಕಿದ್ದೆ. 'ಮಾಡೋದೇ ಇಲ್ಲ' ಅನ್ನೋದು ಫಾರ್ಮಿನಲ್ಲಿ 'ಕಷ್ಟವೇ ಇಲ್ಲ' ಅಂತ ಆಗಿಹೋಯಿತು.

ಇನ್ನೊಂದು ಪ್ರಶ್ನಾವಳಿ ಇದೆ, 1998ರದ್ದು, 42 ಪ್ರಶ್ನೆ. ಅದರ ಹೆಸರು ಕೂಸ್, ನಮ್ಮ ಕೂಸಿಗೂ ಇದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಕುಕ್ಕರುಗಾಲು ಇದೆ, ಮಂಡಿಯೂರೋದೂ ಇದೆ. ಎಲ್ಲಿದೆ ಗೊತ್ತಾ? ಓಡೋದು, ಜಿಗಿಯೋದರ ಜೊತೆ, ಆಟ ಮತ್ತು ಮನರಂಜನೆ ಅನ್ನೋ ವಿಭಾಗದಲ್ಲಿ! ದೊಡ್ಡಮ್ಮನಿಗೆ ಅದು ಬೆಳಗಿನ ಮೊದಲನೇ ಕೆಲಸ.

ನಮ್ಮ ದೇಶದ ವೈದ್ಯರಿಗೆ ಇದು ಹೊಳೆದಿಲ್ಲ ಅಂತಲ್ಲ. ಪುಣೆಯ ಕೀಲುರೋಗ ತಜ್ಞರು ವೊಮ್ಯಾಕ್ ಅನ್ನು ಭಾರತದ ರೂಢಿಗೆ ಹೊಂದಿಸಿ ಬಳಸಿದ್ದಾರೆ. ರುಮಟಾಯ್ಡ್ ಸಂಧಿವಾತದವರಿಗಾಗಿ ಅಮೆರಿಕದಲ್ಲಿ ಹುಟ್ಟಿದ ಹೆಚ್‌ಎಕ್ಯೂ ಅನ್ನೋ ಪ್ರಶ್ನಾವಳಿಯ ಭಾರತೀಯ ರೂಪ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ 12 ಪ್ರಶ್ನೆ. ಟಾಯ್ಲೆಟ್‌ನಲ್ಲಿ ಕುಕ್ಕರುಗಾಲಲ್ಲಿ ಕೂರೋದು ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕೋದು ಇದೆ, ಆಟೋ ಹತ್ತಿ ಇಳಿಯೋದು ಇದೆ, ತರಕಾರಿ ಮಾರ್ಕೆಟ್ ಇದೆ. ಅದನ್ನ ಓದುವಾಗ ದೊಡ್ಡಮ್ಮನನ್ನೇ ಕೂರಿಸಿಕೊಂಡು ಬರೆದಿದಾರೆ ಅನ್ನಿಸಿತು.

ಪೆಡಸೋ, ಜೋಮೋ?

ಹಾಗಾದರೆ ಇಂಗ್ಲಿಷ್ ಫಾರ್ಮನ್ನ ಗೂಗಲ್‌ಗೆ ಹಾಕಿ ಕನ್ನಡ ಮಾಡಿದರಾಯ್ತಲ್ಲ ಅಂತೀರಾ? ನಾನೂ ಮೊದಲು ಅದೇ ಮಾಡೋಕೆ ಹೋದೆ. 'ಸ್ಟಿಫ್‌ನೆಸ್' ಅನ್ನೋ ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡೆ. 'ಬಿಗಿತ' ಅಂದರೆ ದೊಡ್ಡಮ್ಮ "ಊದಿಕೊಂಡು ಬಿಗಿಯಾಗಿರೋದಾ?" ಅಂದರು. 'ಮರಗಟ್ಟೋದು' ಅಂದರೆ "ಮುಟ್ಟಿದ್ರೆ ಗೊತ್ತಾಗತ್ತೆ, ಮರಗಟ್ಟಿಲ್ಲ" ಅಂದರು. ಯಾರೋ 'ಜೋಮು' ಅಂತ ಬರೆದರೆ ಡಾಕ್ಟರು ನರದ ತೊಂದರೆ ಹುಡುಕುತ್ತಾರೆ. ಕೊನೆಗೆ "ಬೆಳಿಗ್ಗೆ ಎದ್ದ ತಕ್ಷಣ ಮಂಡಿ ಪೆಡಸಾಗಿ, ಮಡಚಕ್ಕೆ ಬರಲ್ವಾ?" ಅಂತ ಕೇಳಿದೆ. "ಹೂಂ, ಕಾಫಿ ಕುಡಿಯೋ ತನಕ ಹಾಗೇ ಇರತ್ತೆ" ಅಂದರು.

'ಮಧ್ಯಮ' ಇನ್ನೂ ಕಷ್ಟ. "ಮಧ್ಯಮ ಅಂದ್ರೆ ಎಷ್ಟೇ? ಅರ್ಧ ಪಾವಾ, ಒಂದು ಪಾವಾ?"

ಅದಕ್ಕೇ ಇಂಥ ಪ್ರಶ್ನಾವಳಿಯನ್ನ ಇನ್ನೊಂದು ಭಾಷೆಗೆ ತರೋಕೆ ಒಂದು ಕ್ರಮ ಇದೆ. 2000ದಲ್ಲಿ ಪ್ರಕಟವಾದ ಮಾರ್ಗಸೂಚಿಯನ್ನ ಇವತ್ತಿಗೂ ತುಂಬ ಜನ ಪಾಲಿಸುತ್ತಾರೆ. ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡಬೇಕು, ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಸೇರಿಸಿ ಒಂದು ಮಾಡಬೇಕು. ಮೂಲವನ್ನೇ ನೋಡದ ಮತ್ತಿಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ತರಬೇಕು. 'ಸ್ಟಿಫ್‌ನೆಸ್' ಹೋಗಿ 'ನಂಬ್‌ನೆಸ್' ಬಂದರೆ ಎಲ್ಲೋ ಜೋಮು ನುಗ್ಗಿದೆ ಅಂತ ಅಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ತಜ್ಞರೆಲ್ಲ ಕೂತು ನೋಡಬೇಕು. ಕೊನೆಗೆ 30ರಿಂದ 40 ಜನ ಪೇಷಂಟ್‌ಗಳಿಗೆ ಕೊಟ್ಟು, ನಿಮಗೆ ಏನು ಅರ್ಥ ಆಯ್ತು ಹೇಳಿ ಅಂತ ಕೇಳಬೇಕು.

ಇಷ್ಟಕ್ಕೇ ಮುಗಿಯಲ್ಲ. ಅದೇ ಪೇಷಂಟಿಗೆ ಕೆಲವು ದಿನ ಬಿಟ್ಟು ಮತ್ತೆ ಕೊಟ್ಟರೆ ಹೆಚ್ಚುಕಮ್ಮಿ ಅದೇ ಅಂಕ ಬರಬೇಕು. ಚಿಕಿತ್ಸೆಯಿಂದ ಮಂಡಿ ಸುಧಾರಿಸಿದರೆ ಅಂಕದಲ್ಲೂ ಕಾಣಬೇಕು. ಇದೆಲ್ಲ ನೋಡದೆ ಸಾಕ್ಸ್ ತೆಗೆದು ರಂಗೋಲಿ ಹಾಕಿಬಿಟ್ಟರೆ ಬೇರೆ ಕಡೆಯ ಅಂಕಗಳ ಜೊತೆ ಹೋಲಿಸೋಕಾಗಲ್ಲ. ಮೂಲ ಮಾಡಿದವರ ಅನುಮತಿಯ ಪ್ರಶ್ನೆಯೂ ಇದೆ. ವೊಮ್ಯಾಕ್‌ಗೆ ಲೈಸೆನ್ಸ್ ಬೇಕು, ಕೂಸ್ ಉಚಿತ.

ಎರಡನೇ ಸಲ

ಆರು ತಿಂಗಳು ಕಾಯಲಿಲ್ಲ, ವಾಪಸ್ ಕರೆದುಕೊಂಡು ಹೋದೆ. ಫಿಸಿಯೋಥೆರಪಿಯ ಹುಡುಗಿ ಫೋನು ಪಕ್ಕಕ್ಕಿಟ್ಟು, ದೊಡ್ಡಮ್ಮನ ಎದುರು ಕೂತು ಕನ್ನಡದಲ್ಲೇ ಒಂದೊಂದೇ ಕೇಳಿದರು. "ಮೆಟ್ಟಿಲು ಇಳಿಯುವಾಗ ನೋವಾ ಅಮ್ಮಾ?" "ಇಲ್ಲಮ್ಮ." "ದಿನಕ್ಕೆ ಎಷ್ಟು ಸಲ ಇಳೀತೀರಾ?" "ಇಳಿಯೋದೇ ಇಲ್ವಲ್ಲ, ವಾರಕ್ಕೊಂದು ಸಲ." ಈ ಎರಡನೇ ಪ್ರಶ್ನೆ ಯಾವ ಫಾರ್ಮಿನಲ್ಲೂ ನಾನು ನೋಡಿರಲಿಲ್ಲ.

ಈ ಸಲ ಅಂಕ 27ಕ್ಕಿಂತ ತುಂಬ ಮೇಲೆ ಹೋಯಿತು. "ಎರಡು ವಾರದಲ್ಲಿ ಇಷ್ಟು ಜಾಸ್ತಿ ಆಯ್ತಾ?" ಅಂತ ಗಾಬರಿಯಾದೆ. "ಎರಡನ್ನೂ ಹೋಲಿಸಬೇಡಿ. ಹಳೇದು ನಿಮ್ಮ ಉತ್ತರ, ಇದು ಅವರದ್ದು" ಅಂದರು. ತಲೆ ತಗ್ಗಿಸಿದೆ.

ನೀರು ಕುಡಿಯದ ವಿಷಯ ಕೇಳಿ ಡಾಕ್ಟರು ನಿಜಕ್ಕೂ ಗಂಭೀರವಾದರು. ಈ ವಯಸ್ಸಿನಲ್ಲಿ ನೀರು ಕಡಿಮೆಯಾದರೆ ತಲೆಸುತ್ತು, ಮೂತ್ರದ ಸೋಂಕು ಎರಡರ ಭಯವೂ ಇದೆ. ಆಪರೇಷನ್ ಮಾತು ಸದ್ಯಕ್ಕೆ ಬರಲಿಲ್ಲ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನ ಹಾಳೆ ಕೊಟ್ಟು ಕಳಿಸದೆ ಎದುರಿಗೆ ನಿಂತು ಹೇಳಿಕೊಟ್ಟರು. ಟಾಯ್ಲೆಟ್ ಮೇಲಿಡುವ ಕಮೋಡ್ ಚೇರ್, ಗೋಡೆಗೆ ಹಿಡಿಕೆ, ಇವೆರಡನ್ನೂ ಆ ವಾರವೇ ಹಾಕಿಸಿದೆವು.

ನಿಮ್ಮ ಮನೆಯವರಿಗೆ ಫಾರ್ಮ್ ಬಂದರೆ

• ನೀವೇ ಊಹಿಸಿ ತುಂಬಬೇಡಿ. ಪಕ್ಕದಲ್ಲಿ ಕೂತು, ಓದಿ ಹೇಳಿ, ಅವರು ಹೇಳಿದ್ದನ್ನ ಒತ್ತಿ.

• ಕನ್ನಡದ ಫಾರ್ಮ್ ಇದೆಯಾ ಅಂತ ಮೊದಲು ಆಸ್ಪತ್ರೆಯಲ್ಲಿ ಕೇಳಿ.

• ಮಾಡದೇ ಇರೋ ಕೆಲಸಕ್ಕೆ 'ಇಲ್ಲ' ಒತ್ತುವ ಮುಂಚೆ ಸಿಬ್ಬಂದಿಯನ್ನ ಕೇಳಿ. ಕೂಸ್‌ನಲ್ಲಿ ಒಂದು ವಿಭಾಗದ ಅರ್ಧದಷ್ಟು ಪ್ರಶ್ನೆಗೆ ಉತ್ತರ ಇದ್ದರೂ ಅಂಕ ಲೆಕ್ಕ ಹಾಕಬಹುದು. ಖಾಲಿ ಬಿಡೋದು ಸುಳ್ಳು ಸೊನ್ನೆಗಿಂತ ಮೇಲು.

• ಅಂಕ ಯಾವ ಕಡೆಗೆ ಓಡುತ್ತೆ ತಿಳಿದುಕೊಳ್ಳಿ. ಕೂಸ್‌ನಲ್ಲಿ 100 ಅಂದರೆ ಮಂಡಿ ಚೆನ್ನಾಗಿದೆ ಅಂತ, ವೊಮ್ಯಾಕ್‌ನಲ್ಲಿ ಹೆಚ್ಚು ಅಂಕ ಅಂದರೆ ಹೆಚ್ಚು ಕಷ್ಟ.

• ಫಾರ್ಮನ್ನ ತಿದ್ದೋಕೆ ಹೋಗಬೇಡಿ. ಬೇರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮಂಡಿಯಿಂದಾಗಿ ಈ ವರ್ಷ ಏನೇನು ಬಿಟ್ಟಿದ್ದಾರೆ? ಟಾಯ್ಲೆಟ್, ನೆಲ, ಬಸ್ಸಿನ ಮೆಟ್ಟಿಲು, ದೇವಸ್ಥಾನ, ನೀರು.

ಕಳೆದ ಶುಕ್ರವಾರ ಆಟೋದಲ್ಲಿ ಅಣ್ಣಮ್ಮನ ದೇವಸ್ಥಾನಕ್ಕೆ ಹೋಗಿಬಂದೆವು. ಮೆಟ್ಟಿಲು ಇಳಿಯೋಕೆ ಹತ್ತು ನಿಮಿಷ ಬೇಕಾಯಿತು. ಸ್ಟಿಕ್ಕರ್ ರಂಗೋಲಿ ಇನ್ನೂ ಅಲ್ಲೇ ಇದೆ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ದೊಡ್ಡಮ್ಮ ತಾವೇ ಕೇಳಿದರು, "ನೀರು ಇಡೇ."

ನಿಮ್ಮ ಮನೆಯ ಹಿರಿಯರು ಯಾರಿಗೂ ಹೇಳದೆ ಏನು ಬಿಟ್ಟಿದ್ದಾರೆ? ಇವತ್ತು ಸಂಜೆ ಕೇಳಿ ನೋಡಿ, ನನಗೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.