ಒಂದು ಸಂಕರಸಸ್ಯದ ವಂಶನಿರ್ಣಯ

ತೋಟದಲ್ಲಿ ಹುಟ್ಟಿದ ಸಸಿಯೊಂದು ತನ್ನ ಒಡಹುಟ್ಟುಗಳಂತಿರದೆ ಬೇರೆಯಾಗಿ ಕಂಡಿತೆಂದರೆ ಅದನ್ನು ಕಳೆಯೆಂದು ಕಿತ್ತೆಸೆಯುವುದು ಲೋಕರೂಢಿ. ಹಾಗೆ ಕಿತ್ತೆಸೆಯದೆ ಉಳಿಸಿದ ಒಂದು ಸಸಿಯ ವೃತ್ತಾಂತವನ್ನೂ, ಅದರ ತಾಯಿತಂದೆಗಳು ಯಾರೆಂಬ ವಿವಾದವು ಸುಮಾರು ಅರುವತ್ತು ವರ್ಷಗಳ ತರುವಾಯ ತೀರ್ಮಾನವಾದ ಬಗೆಯನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಗುಲಾಬಿಯ ಕುಟುಂಬದಲ್ಲಿ ರೂಬಸ್ ಎಂಬ ಮುಳ್ಳುಪೊದೆಗಳ ಗಣವೊಂದುಂಟು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಹಿಮಾಲಯದ ಮಲೆಗಳಲ್ಲಿಯೂ ಇದರ ಕೆಲವು ಜಾತಿಗಳು ತಾವಾಗಿ ಬೆಳೆಯುತ್ತವೆ. ಒಂದೇ ಹೂವಿನಿಂದ ಹುಟ್ಟಿದ ಹಲವು ರಸದ ಗುಳಿಗೆಗಳು ಒತ್ತಾಗಿ ಕೂಡಿ ಒಂದೇ ಹಣ್ಣಿನಂತೆ ತೋರುವುದು ಈ ಗಣದ ಲಕ್ಷಣ. ಪಾಶ್ಚಾತ್ಯ ದೇಶಗಳಲ್ಲಿ ಇವುಗಳ ಪೈಕಿ ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ಎಂಬ ಎರಡು ಬಗೆಗಳು ಪ್ರಸಿದ್ಧವಾಗಿವೆ. ರಾಸ್ಪ್‌ಬೆರಿಯನ್ನು ಕಿತ್ತರೆ ನಡುವಣ ದಿಂಡು ಗಿಡದಲ್ಲಿಯೇ ಉಳಿದು, ಹಣ್ಣು ಟೊಪ್ಪಿಗೆಯಂತೆ ಪೊಳ್ಳಾಗಿ ಕೈಗೆ ಬರುವುದು. ಬ್ಲ್ಯಾಕ್‌ಬೆರಿಯಲ್ಲಾದರೋ ದಿಂಡು ಹಣ್ಣಿನೊಡನೆಯೇ ಬಂದುಬಿಡುವುದು. ಇವೆರಡನ್ನೂ ಬೇರ್ಪಡಿಸಿ ತಿಳಿಯಲು ಮಕ್ಕಳಿಗೂ ಇಷ್ಟೇ ಸಾಕು.

ಅಮೆರಿಕದ ಕ್ಯಾಲಿಫೋರ್ನಿಯಾ ಸೀಮೆಯ ಸಾಂತಾ ಕ್ರೂಜ್ ಎಂಬ ಊರಿನಲ್ಲಿ ಜೇಮ್ಸ್ ಹಾರ್ವಿ ಲೋಗನ್ ಎಂಬ ನ್ಯಾಯಾಧೀಶರಿದ್ದರು. ಇವರ ಜೀವಿತಕಾಲ 1841ರಿಂದ 1928ರ ವರೆಗೆ. ಎರಡು ಬಗೆಯ ಬ್ಲ್ಯಾಕ್‌ಬೆರಿಗಳನ್ನು ಕೂಡಿಸಿ ಉತ್ತಮವಾದ ಹೊಸ ತಳಿಯನ್ನು ಪಡೆಯಬೇಕೆಂಬುದು ಅವರ ಹವ್ಯಾಸವಾಗಿತ್ತು. ಆ ಎರಡರಲ್ಲಿ ಆಘಿನ್‌ಬಾ ಎಂಬುದು ಆ ಸೀಮೆಯ ಕಾಡುಬಳ್ಳಿಯಿಂದಲೇ ಆರಿಸಿದ ತಳಿ. ಅದು ಬಿಡುವುದು ಹೆಣ್ಣುಹೂಗಳನ್ನು ಮಾತ್ರ. ಪರಾಗವು ಅನ್ಯ ಗಿಡದಿಂದಲೇ ಬರಬೇಕು. ಹತ್ತಿರದಲ್ಲಿಯೇ ರೆಡ್ ಆಂಟ್ವರ್ಪ್ ಎಂದು ಹೇಳಲಾಗುವ ಹಳೆಯ ರಾಸ್ಪ್‌ಬೆರಿಯ ಗಿಡಗಳೂ ಇದ್ದುವು. ಲೋಗನ್ನರು 1881ರಲ್ಲಿ ಆಘಿನ್‌ಬಾದ ಬೀಜಗಳನ್ನು ಬಿತ್ತಲು, ಹುಟ್ಟಿದ ಸಸಿಗಳಲ್ಲಿ ಒಂದು ಮಾತ್ರ ವಿಲಕ್ಷಣವಾಗಿ ಬೆಳೆಯಿತು. ಅದರ ಹಣ್ಣು ನೀಳವಾಗಿ, ಕಡುಗೆಂಪಾಗಿ, ಹುಳಿಯಾಗಿದ್ದಿತು. ಬಣ್ಣವನ್ನೂ ಪರಿಮಳವನ್ನೂ ನೋಡಿದರೆ ರಾಸ್ಪ್‌ಬೆರಿ. ಕಿತ್ತು ನೋಡಿದರೆ ದಿಂಡು ಒಳಗೇ ಉಳಿದು ಬ್ಲ್ಯಾಕ್‌ಬೆರಿ. ಬೇಡಿದ್ದು ಒಂದು, ದೊರೆತದ್ದು ಮತ್ತೊಂದು. ಆದರೂ ಅವರು ಅದನ್ನು ಕೀಳದೆ ಸಾಕಿದರು. ಅದೇ ಲೋಗನ್‌ಬೆರಿ ಎಂದು ಹೆಸರಾಗಿ 1897ರಲ್ಲಿ ಯುರೋಪಿಗೂ ಹೋಯಿತು.

ಇದು ರಾಸ್ಪ್‌ಬೆರಿಗೂ ಬ್ಲ್ಯಾಕ್‌ಬೆರಿಗೂ ಹುಟ್ಟಿದ ಸಂಕರವೆಂದು ಲೋಗನ್ನರು ಹೇಳಿದರು. ವಿದ್ವಾಂಸರೆಲ್ಲರೂ ಅದನ್ನು ಒಪ್ಪಲಿಲ್ಲ. ಅವರ ಆಕ್ಷೇಪಣೆಯು ನಿರಾಧಾರವಾದುದೂ ಅಲ್ಲ. ಸಂಕರಸಸ್ಯದ ಬೀಜವನ್ನು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ತಾಯಿಯ ಗುಣಗಳೂ ತಂದೆಯ ಗುಣಗಳೂ ಒಡೆದು ಬೇರೆಬೇರೆಯಾಗಿ ತೋರಬೇಕೆಂದು ಮೆಂಡೆಲ್ ಮಹಾಶಯನು ತೋರಿಸಿಕೊಟ್ಟಿರುವನಷ್ಟೆ. ಲೋಗನ್‌ಬೆರಿಯ ಬೀಜದಿಂದಲಾದರೋ ಬಹುಮಟ್ಟಿಗೆ ಲೋಗನ್‌ಬೆರಿಯನ್ನೇ ಹೋಲುವ ಗಿಡಗಳು ಹುಟ್ಟುತ್ತಿದ್ದುವು. ಆದಕಾರಣ ಇದು ಸಂಕರವಲ್ಲ, ಕಾಡುಬಳ್ಳಿಯಲ್ಲಿಯೇ ಹಣ್ಣು ಕೆಂಪಾದ ಒಂದು ಭೇದವೆಂದು ಕೆಲವರು ವಾದಿಸಿದರು. 1923ರಲ್ಲಿ ಬೈಲಿ ಎಂಬ ಹೆಸರಾಂತ ಸಸ್ಯಶಾಸ್ತ್ರಜ್ಞರು ಇದನ್ನು ವರ್ಣಿಸಿ, ರೂಬಸ್ ಲೋಗನೋಬಾಕಸ್ ಎಂಬ ಪ್ರತ್ಯೇಕ ನಾಮವನ್ನು ಕೊಟ್ಟರು. ಹೆಸರು ದೊರೆಯಿತು, ಕುಲದ ಸಂದೇಹ ಉಳಿಯಿತು.

ಸಂದೇಹವನ್ನು ತೀರಿಸಿದುದು ಲೆಕ್ಕ. ಪ್ರತಿಯೊಂದು ಜೀವಕಣದೊಳಗೂ ವಂಶದ ಗುಣಗಳನ್ನು ಹೊತ್ತಿರುವ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಿರುತ್ತವೆ. ಆಘಿನ್‌ಬಾದಲ್ಲಿ ಇವು 56, ರಾಸ್ಪ್‌ಬೆರಿಯಲ್ಲಿ 14. ಸಂತಾನಕ್ಕೆ ತಾಯಿಯೂ ತಂದೆಯೂ ತಮ್ಮಲ್ಲಿರುವುದರ ಅರ್ಧವನ್ನು ಕೊಡುವುದು ನಿಯಮ. ಹಾಗಾದರೆ 28ಕ್ಕೆ 7ನ್ನು ಕೂಡಿಸಿ ಮಗುವಿಗೆ 35 ಬರಬೇಕು. ಈ ಬೆಸಸಂಖ್ಯೆಯಲ್ಲಿ ಎಳೆಗಳೆಲ್ಲ ಜೋಡಿಯಾಗಲಾರವು. ಅಂತಹ ಗಿಡವು ಸರಿಯಾಗಿ ಫಲಿಸುವುದು ಕಷ್ಟ. ಆದರೆ ಲೋಗನ್‌ಬೆರಿಯಲ್ಲಿರುವುದು 42. ತಂದೆಯಾದ ರಾಸ್ಪ್‌ಬೆರಿಯ ಯಾವುದೋ ಒಂದು ಪರಾಗಕಣವು ಅರ್ಧವಾಗದೆ, ತನ್ನ 14 ಎಳೆಗಳನ್ನೂ ಇಡಿಯಾಗಿ ತಂದಿತ್ತೆಂದರೆ ಲೆಕ್ಕವು ಸರಿಹೋಗುವುದು. ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಕ್ರೇನ್, ಥಾಮಸ್ ಎಂಬಿಬ್ಬರು 1940ರಲ್ಲಿ ಪ್ರಕಟಿಸಿದ ಲೇಖನಗಳಿಂದ ಈ ವಂಶವೃಕ್ಷವು ಸ್ಥಿರಪಟ್ಟಿತು.

ಬೀಜದಲ್ಲಿ ಗುಣಗಳು ಏಕೆ ಒಡೆಯಲಿಲ್ಲವೆಂಬ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. ನಮ್ಮ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಅದು ಬೇಗನೆ ಮನಸ್ಸಿಗೆ ಹತ್ತುವುದು. ಎರಡು ಅಲಂಕಾರಗಳು ಎಳ್ಳಕ್ಕಿಯಂತೆ ಬೆರೆತರೂ ಬೇರೆಬೇರೆಯಾಗಿ ಕಾಣುತ್ತಿದ್ದರೆ ಸಂಸೃಷ್ಟಿ. ಹಾಲುನೀರಿನಂತೆ ಒಂದಾಗಿ ಹೋಗಿದ್ದರೆ ಸಂಕರ. ಲೋಗನ್‌ಬೆರಿಯು ಹೊರಗಿನಿಂದ ನೋಡುವ ಕಣ್ಣಿಗೂ ನಾಲಗೆಗೂ ಹಾಲುನೀರು. ಒಳಗೆ ಮಾತ್ರ ಎಳ್ಳಕ್ಕಿ! ತಂದೆಯಿಂದ ಬಂದ 14 ಎಳೆಗಳು ಬಹುಮಟ್ಟಿಗೆ ತಮ್ಮ ತಮ್ಮಲ್ಲಿಯೇ 7 ಜೋಡಿಗಳಾಗುತ್ತವೆ. ತಾಯಿಯ 28 ಎಳೆಗಳು ತಮ್ಮಲ್ಲಿ 14 ಜೋಡಿಗಳಾಗುತ್ತವೆ. ಆದುದರಿಂದ ಪ್ರತಿಯೊಂದು ಬೀಜಕ್ಕೂ ಎರಡು ಕುಲಗಳ ಪಾಲೂ ಸಮನಾಗಿ ಸಲ್ಲುತ್ತದೆ. ಗಿಡವು ಗಿಡದಂತೆಯೇ ಹುಟ್ಟುತ್ತದೆ. ಸಂಕರವಲ್ಲವೆಂಬುದಕ್ಕೆ ಯಾವುದನ್ನು ಸಾಕ್ಷಿಯಾಗಿ ತಂದಿದ್ದರೋ ಅದೇ ಈ ವಿಶೇಷ ಸಂಕರದ ಗುರುತಾಯಿತು.

ಕುಲವನ್ನು ಅರಿತುದರಿಂದ ಬಂದ ಫಲವೇನೆಂದು ಕೇಳಬಹುದು. ಕಾಕತಾಳೀಯವಾಗಿ ನಡೆದುದನ್ನು ಬುದ್ಧಿಪೂರ್ವಕವಾಗಿ ಮಾಡುವ ಮಾರ್ಗವು ತೆರೆಯಿತು. ಸ್ಕಾಟ್ಲೆಂಡಿನಲ್ಲಿ ಡೆರಿಕ್ ಜೆನ್ನಿಂಗ್ಸ್ ಎಂಬವರು 56 ಎಳೆಗಳ ಬ್ಲ್ಯಾಕ್‌ಬೆರಿಗೆ, 28 ಎಳೆಗಳುಳ್ಳ ವಿಶೇಷ ರಾಸ್ಪ್‌ಬೆರಿಯನ್ನು ಕೂಡಿಸಿದರು. ಅರ್ಧಕ್ಕೆ ಅರ್ಧ ಸೇರಿ ಅದೇ 42 ಬಂದಿತು. ಈ ಹಣ್ಣು ಟೇ ನದಿಯ ಹೆಸರಿನಿಂದ ಟೇಬೆರಿ ಎನಿಸಿಕೊಂಡು 1979ರಲ್ಲಿ ಬಳಕೆಗೆ ಬಂದಿತು.

ಕುಲವನ್ನು ವಿಚಾರಿಸದೆ ಹೆಸರಿಟ್ಟುದಕ್ಕೂ ಇದೇ ಗಣದಲ್ಲಿ ಉದಾಹರಣೆಯಿದೆ. ಕ್ಯಾಲಿಫೋರ್ನಿಯಾದಲ್ಲಿಯೇ ಲೂಥರ್ ಬರ್‌ಬ್ಯಾಂಕ್ ಎಂಬ ಪ್ರಖ್ಯಾತ ಸಸ್ಯವರ್ಧಕರು 1885ರಲ್ಲಿ ಹಿಂದೂದೇಶದಿಂದ ತರಿಸಿದ ಬೀಜಗಳಿಂದ ಭಾರಿಯಾದ ಒಂದು ಬ್ಲ್ಯಾಕ್‌ಬೆರಿಯನ್ನು ಬೆಳೆಸಿ, ಅದಕ್ಕೆ ಹಿಮಾಲಯದ ಹೆಸರನ್ನಿಟ್ಟು ಹರಡಿದರು. ಅದರ ನಿಜವಾದ ತವರು ಆರ್ಮೀನಿಯಾ ಮತ್ತು ಅದರ ನೆರೆಯ ಸೀಮೆಗಳು. ಇಂದು ಅದು ಶಾಂತಸಾಗರದ ಕರೆಯುದ್ದಕ್ಕೂ ಹೊಳೆಯ ದಂಡೆಗಳನ್ನು ಮುಚ್ಚಿ, ನೀಗಲಾರದ ಕಳೆಯಾಗಿದೆ. ಅಲ್ಲಿಯ ಜನರು ಅದನ್ನು ಕಡಿಯುವಾಗಲೆಲ್ಲ ಪಾಪ, ಏನೂ ಅರಿಯದ ಹಿಮಾಲಯದ ಹೆಸರನ್ನೇ ಎತ್ತುತ್ತಾರೆ!

ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟೆ. ಹಿತ್ತಿಲಲ್ಲಿ ಮಾವಾಗಲಿ, ನಿಂಬೆಯಾಗಲಿ, ದಾಸವಾಳವಾಗಲಿ ಬೀಜದಿಂದ ಹುಟ್ಟಿ ಬೇರೆ ಬಗೆಯಾಗಿ ಕಂಡರೆ, ಫಲಪುಷ್ಪಗಳನ್ನು ನೋಡುವ ಪರ್ಯಂತ ಅದನ್ನು ಉಳಿಸಿರಿ. ಬೀಜವು ಯಾವ ಗಿಡದ್ದು, ಯಾವಾಗ ಬಿತ್ತಿದ್ದು, ಆ ಗಿಡದ ಸುತ್ತಮುತ್ತ ಬೇರೆ ಯಾವ ಗಿಡಗಳು ಹೂಬಿಡುತ್ತಿದ್ದುವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಒಂದೆರಡು ಎಲೆಗಳನ್ನೂ ಹೂವನ್ನೂ ಕಾಗದದ ನಡುವೆ ಒತ್ತಿ ಒಣಗಿಸಿಡಿರಿ. ಗುಣವು ಮೆಚ್ಚಿಗೆಯಾದರೆ ಬೀಜವನ್ನು ನಂಬದೆ, ಕಸಿಯಿಂದಲೋ ಗೂಟಿಯಿಂದಲೋ ಅದನ್ನು ವೃದ್ಧಿಪಡಿಸಿರಿ. ಲೋಗನ್ನರ ತೋಟದಲ್ಲಿ ಯಾವ ಗಿಡದ ಬಳಿ ಯಾವುದಿತ್ತೆಂಬುದು ಮರೆತುಹೋಗಿದ್ದರೆ, ಮುಂದಿನವರು ಯಾವ ಸಂಖ್ಯೆಯನ್ನು ಯಾವುದರೊಡನೆ ಕೂಡಿಸಿ ನೋಡುತ್ತಿದ್ದರು?