ಬಾಗಿಲು ಎಷ್ಟು ಇಂಚು?

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಹೂಮಳೆ ಬೀಳುವ ಮುಂಚೆ, ಹಾಸನ ಜಿಲ್ಲೆಯ ನಮ್ಮ ಬಾಳ್ಳುಪೇಟೆ ಸುತ್ತಿನ ಮನೆಗಳಲ್ಲಿ ಬೆಂಗಳೂರಿನ ಮಾತು ಏಳುತ್ತದೆ. ಮಗಳ ಮನೆ, ಮದುವೆ ಜವಳಿ, ಸುಮ್ಮನೆ ಎರಡು ದಿನದ ತಿರುಗಾಟ, ಕಾರಣ ಏನೇ ಇರಲಿ. ಆಗ ಮನೆಯಲ್ಲೊಬ್ಬರು ಹೇಳುವ ಮಾತೊಂದಿದೆ: "ನೀವೆಲ್ಲ ಹೋಗ್ಬನ್ನಿ, ಮನೆ ಕಡೆ ಒಬ್ರು ಇರ್ಬೇಕಲ್ಲ." ಹೇಳುವವರು ಮಂಡಿ ಸವೆದ ಅತ್ತೆಯಾಗಿರಬಹುದು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೈದುನನಾಗಿರಬಹುದು. ನಮ್ಮ ಮನೆಯಲ್ಲಿ ಅದು ನಮ್ಮ ಯಜಮಾನರು. ಲಕ್ವ ಹೊಡೆದ ಮೇಲೆ ಎಡಗಾಲು ಎಳೆದು ನಡೆಯುತ್ತಾರೆ. ಮನೆಯೊಳಗೆ ಕೋಲು ಸಾಕು, ದೂರಕ್ಕೆ ವೀಲ್‌ಚೇರ್ ಬೇಕು.

ಆ ಮಾತಿಗೆ ಮನೆಯವರು ಯಾರೂ ಹೂಂಗುಟ್ಟಬಾರದು ಎಂದು ಹೇಳಲೆಂದೇ ಈ ವಾರ ಬರೆಯುತ್ತಿದ್ದೇನೆ. ನಡೆಯಲಾಗದವರಿಗೆ ಬೆಂಗಳೂರು ಅಂದರೆ ಆಸ್ಪತ್ರೆ, ಸ್ಕ್ಯಾನಿಂಗು, ಔಷಧಿ ಚೀಟಿ ಎಂದಾಗಿಹೋಗಿದೆ. ನೋಯುತ್ತಿದ್ದಾಗ ಮಾತ್ರ ಕರೆದುಕೊಂಡು ಹೋಗುತ್ತೇವೆ, ನಗುತ್ತಿದ್ದಾಗ ಮನೆಯಲ್ಲಿ ಬಿಟ್ಟು ಹೋಗುತ್ತೇವೆ. "ರೀ, ಈ ಸಲ ಡಾಕ್ಟ್ರು ಗೀಕ್ಟ್ರು ಏನಿಲ್ಲ, ಲಾಲ್‌ಬಾಗ್ ನೋಡಕ್ಕೆ ಹೋಗೋಣ" ಎಂದಾಗ ಅವರು, "ನಂಗೆಂತ ಲಾಲ್‌ಬಾಗು" ಎಂದರು. ಬೇಡ ಎನ್ನುವುದಕ್ಕೆ ಆಸೆ ಇಲ್ಲದ್ದು ಕಾರಣವಲ್ಲ. ದಾರಿಯಲ್ಲಿ ಎಲ್ಲೋ ಒಂದು ಕಡೆ ಮೆಟ್ಟಿಲೊಂದು ಎದುರಾಗಿ, ನಾಲ್ಕು ಜನ ಎತ್ತಿ ಹಿಡಿದು, ಹತ್ತು ಜನ ನೋಡುತ್ತಾರಲ್ಲ, ಆ ಗಳಿಗೆಯ ಅಂಜಿಕೆ. ಆ ಅಂಜಿಕೆಯನ್ನು ಧೈರ್ಯದ ಮಾತಿನಿಂದ ಕಳೆಯಲಾಗದು. ಮೊದಲೇ ಕೇಳಿ, ಅಳೆದು, ಗೊತ್ತು ಮಾಡಿಕೊಂಡರೆ ಮಾತ್ರ ಕಳೆಯುತ್ತದೆ.

ಹೊರಡುವ ಹೊತ್ತಿನಿಂದಲೇ ಲೆಕ್ಕ ಶುರು. ಆಲೂರು–ಸಕಲೇಶಪುರ ಸೀಮೆಯಲ್ಲಿ ನಸುಕಿನ ಕತ್ತಲಲ್ಲಿ ತೋಟದ ದಾರಿಗೆ ಇಳಿಯುವುದೆಂದರೆ ಆನೆಗೆ ಎದುರಾಗುವ ಅಪಾಯ. 2014ರ ಸುಮಾರಿಗೆ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು, ಆದರೂ ಹಿಂಡುಗಳ ಓಡಾಟ ನಿಂತಿಲ್ಲ. ಕಾಲು ಗಟ್ಟಿ ಇರುವವರು ಓಡಿಯಾರು, ಓಡಲಾಗದವರನ್ನು ಕರೆದುಕೊಂಡು ಹೋಗುವವರು ಬೆಳಕು ಹರಿದ ಮೇಲೆಯೇ ಮನೆ ಬಿಡಬೇಕು, ಕತ್ತಲಾಗುವ ಮುಂಚೆ ಮನೆ ಸೇರಬೇಕು. ಒಂದೇ ದಿನದಲ್ಲಿ ಹೋಗಿಬರುವ ಯೋಚನೆಯನ್ನು ಇದೊಂದೇ ಕಾರಣಕ್ಕೆ ಕೈಬಿಡಬಹುದು. ರಾತ್ರಿ ಉಳಿಯುವಂತೆಯೇ ಯೋಜನೆ ಹಾಕಿ.

ರೈಲು ಒಳ್ಳೆಯದು. 2017ರಲ್ಲಿ ಕುಣಿಗಲ್ ಮೇಲೆ ಹಾಸನ–ಬೆಂಗಳೂರು ನೇರ ಮಾರ್ಗ ತೆರೆದ ಮೇಲೆ ಅರಸೀಕೆರೆಯ ಸುತ್ತು ತಪ್ಪಿತು. ಬಾಳ್ಳುಪೇಟೆಯಲ್ಲೂ ನಿಲ್ದಾಣವಿದೆ, ಆದರೆ ಎಕ್ಸ್‌ಪ್ರೆಸ್ ಹಿಡಿಯಲು ನಾವು ಸಕಲೇಶಪುರಕ್ಕೋ ಹಾಸನಕ್ಕೋ ಹೋಗುವವರು. ಹತ್ತುವುದಕ್ಕೆ ಸಮಯ ಬೇಕಾದವರಿಗೆ ಹಾಸನವೇ ಸರಿ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು 139ಕ್ಕೆ ಫೋನ್ ಮಾಡಿಯೋ ನಿಲ್ದಾಣದಲ್ಲೋ ಮುಂಚೆಯೇ ಕೇಳಿ, ವೀಲ್‌ಚೇರ್ ಬೇಕೆಂದೂ ಹೇಳಿಡಿ. ಒಬ್ಬರೇ ಪ್ರಯಾಣ ಮಾಡಲಾಗದಂಥ ದೈಹಿಕ ಅಂಗವೈಕಲ್ಯ ಇರುವವರಿಗೆ ಸ್ಲೀಪರ್ ಮತ್ತು ಎರಡನೇ ದರ್ಜೆಯಲ್ಲಿ ಟಿಕೆಟ್ಟಿನ ಮೇಲೆ ಶೇಕಡಾ 75 ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಇದು ನಿಂತಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಪೂರ್ತಿ ದುಡ್ಡು ಕೊಟ್ಟು ಹೋಗುವವರನ್ನು ನಮ್ಮ ಪೇಟೆಯಲ್ಲೇ ಕಂಡಿದ್ದೇನೆ. ದಯವಿಟ್ಟು ಕೇಳಿ ಪಡೆಯಿರಿ.

ಕಾರಿನಲ್ಲಿ ಹೋಗುವವರಿಗೆ ಈಗ ಇನ್ನೊಂದು ಅನುಕೂಲವಿದೆ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬಂದರೆ ತುಮಕೂರು ರಸ್ತೆ. ಅಲ್ಲಿ ಮಾದಾವರದಲ್ಲಿ ಮೆಟ್ರೊ ಸಿಗುತ್ತದೆ. ನಾಗಸಂದ್ರದಿಂದ ಮಾದಾವರದವರೆಗಿನ ಭಾಗ ತೆರೆದದ್ದು 2024ರ ನವೆಂಬರ್ 7ರಂದು. ಹಸಿರು ಮಾರ್ಗದಲ್ಲಿ ಕುಳಿತರೆ ಯಶವಂತಪುರ, ಮೆಜೆಸ್ಟಿಕ್, ಮಾರುಕಟ್ಟೆ ದಾಟಿ ಲಾಲ್‌ಬಾಗ್ ನಿಲ್ದಾಣದವರೆಗೆ ಗಾಡಿ ಬದಲಿಸುವ ಕೆಲಸವೇ ಇಲ್ಲ. ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದವರಿಗೂ ಇದೇ ಮಾರ್ಗ. ಲಿಫ್ಟು, ಇಳಿಜಾರು, ಬೋಗಿಯ ನೆಲಕ್ಕೆ ಸಮನಾದ ಪ್ಲಾಟ್‌ಫಾರ್ಮು, ವೀಲ್‌ಚೇರ್ ನಿಲ್ಲಿಸುವ ಜಾಗ, ಎಲ್ಲವೂ ಇವೆ. ಒಂದು ಮಾತು ನೆನಪಿರಲಿ: ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯಲ್ಲಿ ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತದೆ. ಹಿಂದುಮುಂದಾಗಿ, ದೊಡ್ಡ ಚಕ್ರ ಮೊದಲು ದಾಟಿಸಿ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಆ ನೂಕುನುಗ್ಗಲಿನ ಹೊತ್ತು ಮಾತ್ರ ಬೇಡವೇ ಬೇಡ.

ಉಳಿಯುವ ಜಾಗದ ಮಾತಿಗೆ ಬರುತ್ತೇನೆ. ಇಡೀ ಪ್ರವಾಸ ನಿಲ್ಲುವುದೋ ಬೀಳುವುದೋ ಇಲ್ಲಿಯೇ, ಅದರಲ್ಲೂ ಬಚ್ಚಲ ಬಾಗಿಲಲ್ಲಿ. ಲಾಡ್ಜಿಗೆ ಫೋನ್ ಮಾಡಿ "ವೀಲ್‌ಚೇರ್ ಬರುತ್ತಾ?" ಎಂದು ಕೇಳಿದರೆ ಎಲ್ಲರೂ "ಬರುತ್ತೆ ಮೇಡಂ, ಲಿಫ್ಟ್ ಇದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುವವರಲ್ಲ, ಅವರ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ ಅಷ್ಟೆ. ಹೀಗೆ ನಂಬಿ ಹೋದ ಒಂದು ಲಾಡ್ಜಿನಲ್ಲಿ ಲಿಫ್ಟು ಇತ್ತು, ಆ ಲಿಫ್ಟನ್ನು ಮುಟ್ಟಲು ಮೆಟ್ಟಿಲುಗಳೂ ಇದ್ದವು. ಹಿಡಿಕೆಯಿಲ್ಲದ ಗ್ರಾನೈಟ್ ಮೆಟ್ಟಿಲು. ಆದ್ದರಿಂದ "ಬರುತ್ತಾ" ಎಂದು ಕೇಳಬೇಡಿ. "ಬಚ್ಚಲ ಬಾಗಿಲು ಎಷ್ಟು ಇಂಚು ಅಗಲ?" ಎಂದು ಕೇಳಿ. ಟೇಪು ಹಿಡಿದು ಅಳೆದು ಹೇಳಲಿ.

ಸಾಮಾನ್ಯ ವೀಲ್‌ಚೇರ್ 25–26 ಇಂಚು ಅಗಲ ಇರುತ್ತದೆ. ತಳ್ಳುವವರ, ಚಕ್ರ ತಿರುಗಿಸುವವರ ಕೈ ತರಚದೆ ದಾಟಬೇಕಾದರೆ ಬಾಗಿಲು 32 ಇಂಚಾದರೂ ಬೇಕು. ಸರ್ಕಾರದ ಮಾರ್ಗಸೂಚಿ ಹೇಳುವುದು 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರಡಿ. ಹಳೆಯ ಲಾಡ್ಜುಗಳ ಬಚ್ಚಲ ಬಾಗಿಲು ಎರಡಡಿ, ಎರಡೂವರೆ ಅಡಿ. ಅಷ್ಟೇ ಇದ್ದರೆ ಅಲ್ಲಿ ಉಳಿಯಲಾಗದು ಎಂದಲ್ಲ. ಕುರ್ಚಿಯನ್ನು ಬಾಗಿಲಲ್ಲಿ ಬಿಟ್ಟು ಗೋಡೆ ಹಿಡಿದು ಎರಡು ಹೆಜ್ಜೆ ಇಡಬಲ್ಲವರಿಗೆ ನಡೆಯುತ್ತದೆ. ಆದರೆ ಅದು ಅಲ್ಲಿ ಹೋಗಿ ನಿಂತಾಗ ಗೊತ್ತಾಗಬಾರದು, ಮನೆಯಲ್ಲಿ ಕುಳಿತಾಗಲೇ ಗೊತ್ತಿರಬೇಕು. ಕಮೋಡಿನ ಪಕ್ಕದ ಗೋಡೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದೂ ಮುಖ್ಯ. ನಮ್ಮ ಯಜಮಾನರಿಗೆ ಗಟ್ಟಿ ಇರುವುದು ಬಲಗೈ. ಹಿಡಿಕೆ ಎಡಕ್ಕಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹೊಸ್ತಿಲು ಎಷ್ಟು ಎತ್ತರ, ಬಚ್ಚಲ ನೆಲ ಜಾರುತ್ತದೆಯೇ, ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ ಕೊಡುತ್ತಾರೆಯೇ, ಕರೆಂಟು ಹೋದರೆ ಲಿಫ್ಟಿಗೆ ಜನರೇಟರ್ ಇದೆಯೇ. ಇವನ್ನೆಲ್ಲ ಕೇಳಲು ಸಂಕೋಚ ಬೇಡ. ಬಾಡಿಗೆ ಕೊಡುವವರು ನಾವು. ಬಚ್ಚಲಿನ ಒಂದು ಫೋಟೊ ವಾಟ್ಸಾಪಿನಲ್ಲಿ ಕಳಿಸಿ ಎಂದರೆ ಬಹುತೇಕರು ಕಳಿಸುತ್ತಾರೆ. ಕಳಿಸದವರಲ್ಲಿ ಉಳಿಯಬೇಡಿ.

ಇಳಿಜಾರು ಇದೆ ಎಂದರೂ ಅಳತೆ ಕೇಳಿ. ಒಂದಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು, ಇದು ನಿಯಮ. ನಮ್ಮ ಕಟ್ಟಡಗಳಲ್ಲಿ ಸ್ಕೂಟರ್ ಹತ್ತಿಸಲು ಸುರಿದ ಕಾಂಕ್ರೀಟಿಗೂ ಅದೇ ಹೆಸರು. ಅದರ ಮೇಲೆ ಮನುಷ್ಯರನ್ನು ತಳ್ಳಿಕೊಂಡು ಹೋಗುವುದು ಅಪಾಯ, ಇಳಿಸುವುದು ಇನ್ನೂ ಅಪಾಯ. ಮೆಟ್ಟಿಲು ಹತ್ತಲೇಬೇಕಾದರೆ ಫಿಸಿಯೋಥೆರಪಿಯವರು ಕಲಿಸುವ ಕ್ರಮವಿದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹಿಡಿದುಕೊಳ್ಳುವವರು ಸೋತ ಕಡೆ, ಹತ್ತುವಾಗ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ಕೈ ಹಿಡಿದು ಎಳೆಯುವುದು ಸಲ್ಲದು.

ಇಷ್ಟಾದ ಮೇಲೆ ಲಾಲ್‌ಬಾಗ್. ಮೆಟ್ರೊ ನಿಲ್ದಾಣದಿಂದ ಪಶ್ಚಿಮದ ಗೇಟು ಹತ್ತಿರ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಈಗ 240 ಎಕರೆ. ಅಷ್ಟನ್ನೂ ನೋಡಿ ಮುಗಿಸುವ ಹಟ ಬೇಡ. ಬ್ಯಾಟರಿ ಗಾಡಿ ಇದೆ, ಗಾಜಿನ ಮನೆಯವರೆಗೆ ದಾರಿ ಸಮತಟ್ಟು, ಹಳೆಯ ಮರಗಳ ನೆರಳಿನಲ್ಲಿ ವೀಲ್‌ಚೇರ್ ಸರಾಗವಾಗಿ ಉರುಳುತ್ತದೆ. ಕೆಂಪೇಗೌಡ ಗೋಪುರದ ಬಂಡೆ ಮಾತ್ರ ಆಗದು. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ಜನಜಂಗುಳಿಯೂ ಆಗದು. ತೋಟದಲ್ಲೇ ಬಾಳಿದವರು ಮರ ನೋಡುವ ರೀತಿಯೇ ಬೇರೆ. ನಮ್ಮವರು ಒಂದೊಂದು ಮರದ ಬುಡದಲ್ಲೂ ನಿಲ್ಲಿಸು ಅಂದರು, ತೊಗಟೆ ಮುಟ್ಟಿ ನೋಡಿದರು, ನೆರಳಿಗೆ ಇದು ಬಂದೀತೇ ಎಂದು ವಿಚಾರಿಸಿದರು. ಆ ಮಧ್ಯಾಹ್ನ ಅವರು ರೋಗಿ ಆಗಿರಲಿಲ್ಲ, ಪ್ಲಾಂಟರ್ ಆಗಿದ್ದರು. ಮಾರನೆಯ ದಿನಕ್ಕೆ ಒಂದೇ ಒಂದು ಕಾರ್ಯಕ್ರಮ ಇಟ್ಟುಕೊಳ್ಳಿ, ನಡುವೆ ಮಲಗಲು ಹೊತ್ತು ಬಿಡಿ. ಚರ್ಚ್ ಸ್ಟ್ರೀಟು, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಆದ ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳ ಅಗಲದ ಪಾದಚಾರಿ ಹಾದಿ, ಇಂಥ ಕಡೆ ಸಂಜೆ ಸುತ್ತಬಹುದು.

ವೀಲ್‌ಚೇರ್ ಮೈಗೆ ಸರಿಹೊಂದದೆ ಬೆನ್ನು ನೋಯುತ್ತಿದ್ದರೆ, ಬೆಂಗಳೂರಿನ ಲಿಂಗರಾಜಪುರದಲ್ಲಿರುವ, ವಿಕಲಚೇತನರಿಗಾಗಿ ದುಡಿಯುವ ಎಪಿಡಿ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸಿ. ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ ಅದು.

ಬೆಂಗಳೂರಿನಲ್ಲಿ ಇಷ್ಟು ಸಾಧ್ಯವಾದದ್ದು ನಮ್ಮ ಜಿಲ್ಲೆಯಲ್ಲಿ ಏಕಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮಂಜರಾಬಾದ್ ಕೋಟೆಯ ಮೆಟ್ಟಿಲನ್ನು ಬದಲಿಸಿ ಎಂದು ನಾನು ಕೇಳುವುದಿಲ್ಲ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾಗದವರನ್ನು ಡೋಲಿಯವರು ಹೊತ್ತು ತರುತ್ತಾರೆ. ಆದರೆ ಬೇಲೂರು? 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗುಡಿ ನಿಂತಿರುವ ಜಗತಿಯ ಎತ್ತರ ಒಂದಾಳಿನಷ್ಟೂ ಇಲ್ಲ. ಅಲ್ಲಿ ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ, ತೆಗೆದಿಡುವಂಥ ಮರದ ಇಳಿಜಾರನ್ನು ಹಾಕಬಹುದು. ಈ ದೇಶದಲ್ಲಿ ಅದು ಆಗಿದೆ. 2001ರ ಜನವರಿಯಲ್ಲಿ, ವೀಲ್‌ಚೇರಿನಲ್ಲೇ ಓಡಾಡುತ್ತಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಸ್ಮಾರಕಗಳನ್ನು ನೋಡುವ ಆಸೆ ಪಟ್ಟರು. ವಿಕಲಚೇತನರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿಯವರು ಪಟ್ಟುಹಿಡಿದರು. ಕುತುಬ್ ಮಿನಾರ್, ಕೆಂಪುಕೋಟೆ, ಹುಮಾಯೂನ್ ಸಮಾಧಿ, ಜಂತರ್ ಮಂತರ್, ನಾಲ್ಕೂ ಕಡೆ ಪುರಾತತ್ವ ಇಲಾಖೆ ಮರದ ಇಳಿಜಾರು ಹಾಕಿಸಿತು. ಹಾಕಿಂಗರಿಗೆ ಸಿಕ್ಕಿದ್ದು ಹಾಸನ ಜಿಲ್ಲೆಯ ಲಕ್ವ ಹೊಡೆದ ರೈತನಿಗೂ ಸಿಗಬೇಕು.

ಇದು ಯಾರ ಕೃಪೆಯೂ ಅಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು. ನಿಯಮಗಳು ಬಂದ 2017ರ ಜೂನ್‌ನಿಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಎಲ್ಲರೂ ಪ್ರವೇಶಿಸುವಂತೆ ಮಾಡಬೇಕೆಂದು ಅದರ 45ನೇ ಸೆಕ್ಷನ್ ಹೇಳಿತ್ತು. ಆ ಗಡುವು 2022ರಲ್ಲೇ ಮುಗಿದಿದೆ. ಇದೇ ಪ್ರವೇಶದ ಹಕ್ಕಿನ ಕುರಿತ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಆದೇಶ ಕೊಟ್ಟಿತು.

ಕೊನೆಗೆ ನಮ್ಮ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು. ಅದರ ನೆಲ ರಸ್ತೆಯಿಂದ ಸುಮಾರು ಒಂದು ಮೀಟರ್ ಎತ್ತರ, ನಗರದ ಲೋ ಫ್ಲೋರ್ ಬಸ್ಸಿನದು 400 ಮಿಲಿಮೀಟರ್. ಎತ್ತರವನ್ನು ಹೇಗೋ ಸಹಿಸಬಹುದು, ಎಷ್ಟೋ ಕಂಡಕ್ಟರುಗಳು ತಾವೇ ಇಳಿದು ತೋಳು ಕೊಡುತ್ತಾರೆ. ಸಹಿಸಲಾಗದ್ದು ಪಾಸಿನ ಗೆರೆ. ವಿಕಲಚೇತನರ ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿಗೆ ಸಿಗುತ್ತದೆ, ಆದರೆ ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಬಾಳ್ಳುಪೇಟೆಯಿಂದ ಬೆಂಗಳೂರು 200 ಕಿಲೋಮೀಟರ್ ಮೇಲಾಯಿತು. ಬೆಳ್ಳೂರು ಕ್ರಾಸ್ ಬರುವ ಹೊತ್ತಿಗೆ ಪಾಸಿನ ಮಿತಿ ಮುಗಿದಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಾನು ಅದೇ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಉಚಿತವಾಗಿ ಹೋಗಬಲ್ಲೆ. ಆ ಯೋಜನೆಯಿಂದ ನಮ್ಮ ತೋಟದ ಹೆಣ್ಣುಮಕ್ಕಳಿಗೆ ಆದ ಉಪಕಾರ ಸಣ್ಣದಲ್ಲ, ಅದು ಇರಬೇಕು. ಆದರೆ ಪಕ್ಕದ ಸೀಟಿನಲ್ಲಿ ಕೋಲು ಹಿಡಿದು ಕುಳಿತ ನನ್ನ ಗಂಡನಿಗೆ ಅರ್ಧ ದಾರಿಯಲ್ಲಿ ರಿಯಾಯಿತಿ ನಿಲ್ಲುವುದು ನ್ಯಾಯವಲ್ಲ. ಇಂಥವರು ಹೋಗಬೇಕಾದ ದೊಡ್ಡ ಆಸ್ಪತ್ರೆಗಳು, ಕೃತಕ ಕಾಲು ಕೊಡುವ ಕೇಂದ್ರಗಳು, ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ, ಎಲ್ಲವೂ ಬೆಂಗಳೂರಿನಲ್ಲೇ ಇವೆ.

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸದವರು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಮಾಡಿಸಿಕೊಳ್ಳಿ. ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇದ್ದರೆ ಬಸ್ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ. ಜೊತೆಗೆ ಸಾರಿಗೆ ಸಚಿವರಿಗೂ ನಮ್ಮ ಜಿಲ್ಲೆಯ ಶಾಸಕರಿಗೂ ಒಂದೊಂದು ಕಾಗದ ಬರೆಯಿರಿ: ವಿಕಲಚೇತನರ ಪಾಸಿನ 100 ಕಿಲೋಮೀಟರ್ ಮಿತಿಯನ್ನು ತೆಗೆದು, ಅದು ರಾಜ್ಯದ ಉದ್ದಕ್ಕೂ ನಡೆಯುವಂತೆ ಮಾಡಿ ಎಂದು. ನನ್ನ ಕಾಗದ ಈ ವಾರವೇ ಹೋಗುತ್ತಿದೆ.