ಮನೆ ಮಗಳಿಗೆ ಲೆಕ್ಕ ಕೇಳುವವರಾರು?

ಚುನಾವಣೆ ಬಂತೆಂದರೆ ನಮ್ಮ ಚಿತ್ರದುರ್ಗದ ಕಡೆ ಬೀದಿಬೀದಿಯಲ್ಲೂ ಒಂದು ಮಾತು ಕೇಳುತ್ತದೆ: "ನಿಮ್ಮ ಮನೆ ಮಗ ಅಂದುಕೊಳ್ಳಿ." ಅಭ್ಯರ್ಥಿ ಹೆಣ್ಣಾದರೆ "ನಿಮ್ಮ ಮನೆ ಮಗಳು." ವಯಸ್ಸು ಚಿಕ್ಕದಾದಷ್ಟೂ ಈ ಮಾತಿಗೆ ಬೆಲೆ ಜಾಸ್ತಿ. ನಾವು ಹೆಂಗಸರು ಆರತಿ ಎತ್ತಿ, ಕುಂಕುಮವಿಟ್ಟು, ಮಡಿಲು ತುಂಬಿ ಕಳಿಸುತ್ತೇವೆ. ಅಲ್ಲಿಗೆ ನಮ್ಮ ರಾಜಕೀಯ ಮುಗಿಯಿತು. ನನ್ನ ತಕರಾರು ಇರುವುದೇ ಇಲ್ಲಿ.

ಮನೆ ಮಗಳನ್ನು ಯಾರಾದರೂ ಲೆಕ್ಕ ಕೇಳುತ್ತಾರೆಯೇ? ಬಂದಳು, ಉಂಡಳು, ಕ್ಷೇಮ ವಿಚಾರಿಸಿದಳು ಎಂದರೆ ಸಾಕು. ಶಾಸಕರಿಗೂ ನಮ್ಮದು ಅದೇ ಅಳತೆಗೋಲು. ಗೃಹಪ್ರವೇಶಕ್ಕೆ ಬಂದವರು ಒಳ್ಳೆಯವರು, ಮದುವೆಗೆ ಬಾರದವರು ಗರ್ವಿಷ್ಠರು. ಶಾಲೆಯ ವಾರ್ಷಿಕೋತ್ಸವಕ್ಕೆ ಅವರು ಬರಲೇಬೇಕು. ಅವರು ಬರುವತನಕ ಮಕ್ಕಳು ಬಿಸಿಲಲ್ಲಿ ಸಾಲುಗಟ್ಟಿ ನಿಂತಿರಬೇಕು. ಶಾಸನ ಮಾಡುವವರು ಶಾಸಕರು ಎಂದು ತರಗತಿಯಲ್ಲಿ ಪಾಠ ಹೇಳಿ ಹೊರಬಂದರೆ, ಅಂಗಳದಲ್ಲಿ ಮಕ್ಕಳಿಗೆ ಸಿಗುವ ಪಾಠ ಬೇರೆಯದೇ.

2018ರಲ್ಲಿ ಹಿರಿಯೂರಿನಿಂದ ಪೂರ್ಣಿಮಾ ಶ್ರೀನಿವಾಸ್ ಗೆದ್ದರು. ಮಾಜಿ ಸಚಿವ ಎ. ಕೃಷ್ಣಪ್ಪನವರ ಮಗಳು, ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯೆಯಾಗಿದ್ದವರು. ನನ್ನಂಥವರಿಗೆ ಸಂತೋಷವಾಯಿತು. ಆದರೆ ಮುಂದಿನ ಐದು ವರ್ಷ ನನ್ನ ಕಿವಿಗೆ ಬಿದ್ದ ಮಾತುಗಳೇನು? ಅವರು ಹೊರಗಿನವರೋ ಒಳಗಿನವರೋ, ಯಾವ ಜಾತಿ, ಯಾರ ಮನೆಗೆ ಹೋದರು, ಯಾರ ಮನೆಗೆ ಹೋಗಲಿಲ್ಲ. ಸದನದಲ್ಲಿ ಏನು ಕೇಳಿದರು ಎಂದು ಕೇಳಿದವರು ಎಷ್ಟು ಜನ? 2023ರಲ್ಲಿ ಅವರು ಸೋತರು. ಅದೇ ವರ್ಷ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. ಕೆಲಸ ಚೆನ್ನಾಗಿತ್ತೋ ಇಲ್ಲವೋ ಎಂಬ ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ತೀರ್ಪು ಕೊಡಲು ಬೇಕಾದ ಲೆಕ್ಕವನ್ನೇ ನಾವು ಇಟ್ಟಿರಲಿಲ್ಲ ಎಂಬುದು ನನ್ನ ಮಾತು.

ಲೆಕ್ಕ ಇಡಬೇಕಾದದ್ದು ಮೊದಲು ನೀರಿನದು. ವಾಣಿವಿಲಾಸ ಸಾಗರದ ಕಟ್ಟೆ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಶುರುವಾದಾಗ ಮೈಸೂರನ್ನು ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಗಂಡನನ್ನು ಕಳೆದುಕೊಂಡ ದುಃಖದಲ್ಲೇ ಅಧಿಕಾರ ಹೊತ್ತವರು. ಅವರ ಹೆಸರು ನಮಗೆ ನೆನಪಿರುವುದು ಆ ನೀರಿನಿಂದ. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಾವೆಲ್ಲ ನೋಡಲು ಹೋದೆವು, ಬಾಗಿನದ ಸುದ್ದಿ ಓದಿ ಹಿಗ್ಗಿದೆವು. ಸರಿ. ಆದರೆ ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರದ 2023ರ ಬಜೆಟ್ಟಿನಲ್ಲಿ ಹೇಳಿದ 5,300 ಕೋಟಿ ರೂಪಾಯಿ? ಹಣ ಬಂದಿಲ್ಲವೆಂದು ರಾಜ್ಯ ಸರಕಾರ 2024ರಲ್ಲೂ 2025ರಲ್ಲೂ ದೂರುತ್ತಲೇ ಇತ್ತು. ಇತ್ತ ನಮ್ಮ ಹಳ್ಳಿಗಳಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳು ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಈ ಮಕ್ಕಳ ಪರವಾಗಿ ಕೇಳುವುದು ಗೃಹಪ್ರವೇಶಕ್ಕೆ ಹೋಗುವುದಕ್ಕಿಂತ ಕಷ್ಟದ ಕೆಲಸ.

"ರಾಜಕೀಯ ನಮಗ್ಯಾಕೆ ಟೀಚರಮ್ಮ, ಅದು ಗಂಡಸರ ವ್ಯವಹಾರ" ಎನ್ನುವವರಿದ್ದಾರೆ. ನಲ್ಲಿ ಬಾರದ ದಿನ ಕೊಡ ಹೊರುವವರು ಯಾರು ತಾಯಿ? ನಮ್ಮ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ 2023ರಲ್ಲಿ ಗೆದ್ದ ಆರೂ ಜನ ಗಂಡಸರೇ. ಇಡೀ ರಾಜ್ಯದ 224 ಸ್ಥಾನಗಳಲ್ಲಿ ಹೆಂಗಸರು ಗೆದ್ದದ್ದು ಹತ್ತು. ಮೂರನೇ ಒಂದು ಪಾಲಿನ ಮೀಸಲಾತಿಗೆ ಅದೇ ವರ್ಷ ಸಂಸತ್ತು ಒಪ್ಪಿಗೆ ಕೊಟ್ಟಿತು, ಜೊತೆಗೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂಬ ಗಂಟನ್ನೂ ಹಾಕಿತು. ಮುಂದೆ ಹೆಣ್ಣುಮಕ್ಕಳು ಹೆಚ್ಚು ಬರಲಿ, ಇಪ್ಪತ್ತೈದು ತುಂಬಿದವರೇ ಬರಲಿ. ಅವರನ್ನೂ ಮಡಿಲು ತುಂಬಿ ಮರೆತರೆ ಏನು ಬಂತು?

ನಮ್ಮ ಜನಕ್ಕೆ ತೂಗಿ ನೋಡುವುದು ಗೊತ್ತಿಲ್ಲವೆಂದಲ್ಲ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರನ್ನೇ 1962ರಲ್ಲಿ ಹೊಸದುರ್ಗ ಸೋಲಿಸಿತ್ತು. ಅಷ್ಟು ದೊಡ್ಡವರಿಗೇ ಬೇಡವೆಂದ ಜನ, ಈಗಿನವರಿಗೆ ಒಂದು ಪ್ರಶ್ನೆ ಹಾಕಲಾರರೇ?

ಮುಂದಿನ ಸಲ ನಿಮ್ಮ ಊರಿನ ಶಾಸಕರು ಮಹಿಳಾ ಸಂಘದ ಸಭೆಗೆ ಬಂದಾಗ ಹಾರ ಹಾಕಿ, ಬೇಡವೆನ್ನುವುದಿಲ್ಲ. ಹಾರ ಹಾಕಿದ ಮೇಲೆ ಒಬ್ಬರು ಎದ್ದು ನಿಂತು ಕೇಳಿ: ಈ ವರ್ಷ ಸದನದಲ್ಲಿ ನಮ್ಮ ನೀರಿನ ಬಗ್ಗೆ ಎಷ್ಟು ಸಲ ಮಾತಾಡಿದಿರಿ? ಏನು ಉತ್ತರ ಬಂತು? ಉತ್ತರವನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಸಾಲದ ಕಂತನ್ನು ರೂಪಾಯಿ ಬಿಡದೆ ಬರೆಯುವ ಪುಸ್ತಕದಲ್ಲಿ ಇದಕ್ಕೂ ಒಂದು ಪುಟ ಇರಲಿ.